ಜಾಗ ಬಿಟ್ಟವಳಿಗೆ ಸೊನ್ನೆ

ಹದಿನೇಳನೇ ಪಾಳಿಯ ನಾಲ್ಕನೇ ದಿನ, 2141
ನೀರಗಂಟಿ ಕಾಲೇಜು, ನಾಲೆದಂಡೆ

ಪೂಜ್ಯ ಗಂಗಾಂಬಿಕೆಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ನೀಲಗಂಗೆ ಮಾಡುವ ನಮಸ್ಕಾರಗಳು.

ತಿಂಗಳಿಲ್ಲದ ತಾರೀಖು ನೋಡಿ ಗಾಬರಿಯಾಗಬೇಡಿ. ನಾವೀಗ ವರ್ಷವನ್ನು ನಾಲೆಗೆ ನೀರು ಬಿಡುವ ಪಾಳಿಗಳಲ್ಲಿ ಎಣಿಸುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮಗಿನ್ನೂ ಮೂವತ್ತೆಂಟು, ಅಜ್ಜಿ ಅಂದರೆ ಸಿಟ್ಟು ಬಂದೀತು. ಆದರೂ ಹಾಗೇ ಕರೆಯುತ್ತೇನೆ, ಯಾಕೆಂದರೆ ನಾನು ಬರೆಯುತ್ತಿರುವುದು ಜಗಳ ಆಡಲಿಕ್ಕೆ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಬ್ಬರಿಗೆ ಜೀವಮಾನಕ್ಕೆ ಒಂದೇ ಹಾಳೆ. ನನ್ನ ಹಾಳೆ ಇದಕ್ಕೇ ಮುಗಿಯಿತು.

ಈ ಕಾಗದ ಕೈಸೇರುವಾಗ ನೀವು ನಿಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ನಿಯಮಗಳ ರಿಜಿಸ್ಟರ್ ಮುಂದೆ ಕೂತಿರುತ್ತೀರಿ. ಹನ್ನೊಂದನೇ ನಿಯಮ ಬರೆಯುತ್ತೀರಿ: ಪರೀಕ್ಷೆ ಮುಗಿಯುವ ಮುನ್ನ ಯಾವ ಕಾರಣಕ್ಕೂ ಜಾಗ ಬಿಟ್ಟವರಿಗೆ ಸೊನ್ನೆ. ಚೀಟಿಗಾಗಿ ಬಾತ್‌ರೂಮಿಗೆ ಓಡುವವರ ಕಾಟ ತಾಳಲಾರದೆ ಬರೆದದ್ದು, ಗೊತ್ತು. ಮನೆಯಲ್ಲಿ ಈಗಲೂ ಆ ಕಥೆ ಹೇಳಿ ನಗುತ್ತಾರೆ. ಡೆಸ್ಕು ಬೆಂಚಿನ ಪರೀಕ್ಷೆಗೆಂದು ಬರೆದ ಆ ಮಾತನ್ನು ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜು ಕಣ್ಣುಮುಚ್ಚಿ ನಕಲು ಮಾಡಿಕೊಂಡಿತು. ಕೊನೆಗೆ ನಮ್ಮ ನಾಲೆಗೂ ತಂದು ಕೂರಿಸಿದರು.

ನಮ್ಮ ಪರೀಕ್ಷೆಯಲ್ಲಿ ಹನ್ನೆರಡು ತೂಬು, ಹನ್ನೆರಡು ವಿದ್ಯಾರ್ಥಿಗಳು. ಗಂಟೆ ಹೊಡೆಯುವವರೆಗೆ ಒಬ್ಬೊಬ್ಬರು ಒಂದೊಂದು ತೂಬಿನ ಚಕ್ರ ಹಿಡಿದು, ಅಳತೆ ತಪ್ಪದಂತೆ ಗದ್ದೆಗಳಿಗೆ ನೀರು ಹಂಚಬೇಕು. ಪಕ್ಕದ ತೂಬಿನ ಜುಬೇದಾಳ ದುಪಟ್ಟಾ ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಬಿಗಿಯಿತು. ನಾನು ನನ್ನ ಚಕ್ರಕ್ಕೆ ಅಗುಳಿ ಹಾಕಿ ಓಡಿದೆ, ಬಟ್ಟೆ ಕತ್ತರಿಸಿದೆ, ವಾಪಸು ಬಂದೆ. ಹೋಗಿ ಬಂದದ್ದು ಇಪ್ಪತ್ತೆಂಟು ಹೆಜ್ಜೆ. ನನ್ನ ಗದ್ದೆಗೆ ಒಂದು ಬೊಗಸೆ ನೀರೂ ಕಡಿಮೆಯಾಗಲಿಲ್ಲ. ಫಲಿತಾಂಶದಲ್ಲಿ ಜುಬೇದಾಳಿಗೆ ಎಂಬತ್ತೊಂದು, ನನಗೆ ಸೊನ್ನೆ.

ಸೊನ್ನೆ ಬಂದವರಿಗೆ ತೂಬಿನ ಕೀಲಿ ಕೊಡುವುದಿಲ್ಲ. ಅಮ್ಮ ಇಪ್ಪತ್ತಾರು ವರ್ಷ ನೋಡಿಕೊಂಡ ನಮ್ಮೂರ ತೂಬು ಈ ಪಾಳಿ ಮುಗಿಯುತ್ತಲೇ ಬೇರೆಯವರ ಕೈಗೆ ಹೋಗುತ್ತದೆ. ಮೂರು ಸಲ ಅರ್ಜಿ ಹಾಕಿದೆ. ಪರೀಕ್ಷಕ ಓಂಕಾರಯ್ಯನವರು ಮೂರು ಸಲವೂ ಒಂದೇ ಮಾತು ಹೇಳಿದರು, ಯಾವ ಕಾರಣಕ್ಕೂ ಅಂದರೆ ಯಾವ ಕಾರಣಕ್ಕೂ ಅಂತ. ನಮ್ಮಲ್ಲೊಂದು ಪದ್ಧತಿಯಿದೆ, ಅದಕ್ಕೆ ಬರೆದವರ ಕೈ ಅನ್ನುತ್ತೇವೆ. ನಿಯಮ ಸಡಿಲಿಸುವ ಹಕ್ಕು ಅದನ್ನು ಬರೆದವರಿಗೆ ಮಾತ್ರ. ಮೂಲ ಪುಟದಲ್ಲಿ ಅವರೇ ಬರೆದ ವಿನಾಯಿತಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ರಿಜಿಸ್ಟರ್ ದಾಖಲೆ ಮನೆಯಲ್ಲಿ ಮೊಹರು ಹಾಕಿದ ಪೆಟ್ಟಿಗೆಯಲ್ಲಿದೆ. ಅದನ್ನು ತೆರೆಸಲು ಪರೀಕ್ಷಕರ ಸಹಿ ಬೇಕು, ಓಂಕಾರಯ್ಯನವರು ಜಪ್ಪಯ್ಯ ಅಂದರೂ ಕೊಡಲಿಲ್ಲ.

ನಿನ್ನೆ ಕಿರಿಯ ತಂಡದ ಪರೀಕ್ಷೆ ಇತ್ತು. ಓಂಕಾರಯ್ಯನವರೇ ಪಾಚಿಯ ಮೇಲೆ ಕಾಲಿಟ್ಟು ನಾಲೆಗೆ ಬಿದ್ದರು. ಹನ್ನೆರಡು ಜನ ಚಕ್ರ ಹಿಡಿದು ನಿಂತಲ್ಲೇ ನಿಂತರು. ಅವರು ಕೆಟ್ಟವರಲ್ಲ, ನನ್ನ ಸೊನ್ನೆ ನೋಡಿ ಬುದ್ಧಿ ಕಲಿತವರು. ಓಂಕಾರಯ್ಯನವರು ಕೂಗುತ್ತಾ ಕೂಗುತ್ತಾ ಮೂರು ತೂಬು ದಾಟಿ ಕೊಚ್ಚಿಹೋದ ಮೇಲೆ ಕಬ್ಬಿಣದ ಜಾಲರಿ ಸಿಕ್ಕಿ ತಾವೇ ಮೇಲೆ ಬಂದರು. ಒದ್ದೆ ಬಟ್ಟೆಯಲ್ಲೇ ನಮ್ಮ ಹಾಸ್ಟೆಲಿಗೆ ಬಂದು, ನನ್ನ ಅರ್ಜಿ ಇಸಿದುಕೊಂಡು ಸಹಿ ಹಾಕಿದರು.

ನಾಳೆ ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆ ತೆರೆಯುತ್ತಾರೆ. ಪೆನ್ನು ನಿಮ್ಮ ಕೈಯಲ್ಲೇ ಇದೆ. ನಿಯಮ ಹೊಡೆದುಹಾಕಿ ಅನ್ನುವುದಿಲ್ಲ, ಚೀಟಿಯವರನ್ನು ಬಿಡಬೇಡಿ. ಅದರ ಕೆಳಗೆ ಒಂದೇ ಸಾಲು ಸೇರಿಸಿ: ಇನ್ನೊಬ್ಬರ ಜೀವಕ್ಕಾಗಿ ಎದ್ದವರಿಗೆ ಇದು ಅನ್ವಯಿಸದು. ಮಸಿ ಗಟ್ಟಿಯಾಗಿರಲಿ.

ಆ ಸಾಲು ಇಲ್ಲದಿದ್ದರೂ ನಾನು ಹೇಗೋ ಬದುಕಿಕೊಳ್ಳುತ್ತೇನೆ, ಈ ಹಠ ನಿಮ್ಮಿಂದಲೇ ಬಂದದ್ದಂತೆ. ಆದರೆ ಮುಂದಿನ ವರ್ಷ ಆ ಹನ್ನೆರಡು ಜನ ಕೀಲಿ ಹಿಡಿದು ಊರೂರ ತೂಬಿಗೆ ಹೋಗುತ್ತಾರೆ. ನಾಲೆಯ ದಂಡೆಯಲ್ಲಿ ಮಕ್ಕಳು ಆಡುತ್ತಿರುತ್ತವೆ.

ನಿಮ್ಮ
ನೀಲಗಂಗೆ