ಕಣ್ಣು ಮುಚ್ಚಿ ಅಂದ ಆಮೆನ್

ಶಿವಮೊಗ್ಗ
೧೮ ಫೆಬ್ರವರಿ ೨೦೦೩

ಪ್ರಿಯ ಆನಂದ,

ಕರ್ತನ ಹೆಸರಿನಲ್ಲಿ ವಂದನೆಗಳು. ನಿನ್ನ ಕಾಗದ ಕ್ರಿಸ್‌ಮಸ್ಸಿಗೆ ಮುಂಚೆಯೇ ಬಂತು, ಉತ್ತರ ಈಗ ಹೊರಡುತ್ತಿದೆ. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳುವುದಿಲ್ಲ ಮಾರಾಯ. ಓದುವುದು, ಮಡಿಸಿ ಇಡುವುದು, ಮತ್ತೆ ತೆಗೆಯುವುದು, ಇದೇ ಆಯಿತು. ಜೊತೆಗೆ ಬಲಗೈ ನಡುಗುತ್ತದೆ. ಡಾಕ್ಟರು ನರದ ತೊಂದರೆ ಅಂತಾರೆ, ಐವತ್ತಕ್ಕೇ ಬರಬಾರದಿತ್ತು ಅಂತಾರೆ. ಅದಕ್ಕೇ ನಾನು ಟೇಪ್ ರೆಕಾರ್ಡರ್ ಮುಂದೆ ಕೂತು ಮಾತಾಡುತ್ತಿದ್ದೇನೆ. ಮಗಳು ಲಿಖಿತಾ ಆಮೇಲೆ ಕೇಳಿಸಿಕೊಂಡು ಬರೆಯುತ್ತಾಳೆ. ಹೆಸರು ಇಟ್ಟಿದ್ದಕ್ಕೂ ಸಾರ್ಥಕವಾಯಿತು. "ಅಪ್ಪ, ನೀವು ಆಡಿದ ಹಂಗೇ ಬರೆದ್ರೆ ಆನಂದಣ್ಣ ನಗ್ತಾನೆ. ನಾನು ಸ್ವಲ್ಪ ನೆಟ್ಟಗೆ ಮಾಡ್ತೀನಿ" ಅಂದಳು. ಮಾಡಲಿ. ನೆಟ್ಟಗಾಗಬೇಕಾದದ್ದು ಬಹಳ ಇದೆ.

ಹೋದ ಭಾನುವಾರ ಆರಾಧನೆ ಮುಗಿಸಿ ರಾಗಿಗುಡ್ಡಕ್ಕೆ ಹೋಗಿ ನಿನ್ನ ಅಮ್ಮನನ್ನು ನೋಡಿ ಬಂದೆ. ಕಾಶಮ್ಮನವರಿಗೆ ಮೊಣಕಾಲು ನೋವು ಬಿಟ್ಟರೆ ಬೇರೆ ಏನೂ ಇಲ್ಲ. ಬಾಯಿ ಮೊದಲಿನ ಹಾಗೇ ಇದೆ. "ಏನ್ ಅಯ್ನೋರೇ, ಇಷ್ಟು ಬಡಕಲಾಗಿದೀರಿ? ಸಭೆಯವರು ಉಪವಾಸ ಕೆಡವಿದಾರಾ?" ಅಂತ ಬಾಗಿಲಲ್ಲೇ ಕೇಳಿದರು. ಕಾಫಿ ಕೊಟ್ಟು ಎದುರಿಗೆ ಕೂತು, "ಮಗಂಗೆ ದೀಕ್ಷೆ ಆಗೋ ದಿನ ಬಿಷಪ್ಪರ ಕೈ ಜೊತೆಗೆ ನಿಮ್ಮ ಕೈನೂ ಅವನ ತಲೆ ಮೇಲೆ ಇರ್ಬೇಕು. ಅವರಪ್ಪನಿಗೋಸ್ಕರ ಜೋಡಿಸಿದ ಕೈ ಅದು" ಅಂದರು. ನಾನು ಲೋಟ ಕೆಳಗಿಟ್ಟು ಹೊರಡಲು ಎದ್ದೆ.

ನೀನೂ ಅದನ್ನೇ ಬರೆದಿದ್ದೀಯ. ಜೂನಿನಿಂದ ಹೊಳೆಹೊನ್ನೂರಿನ ಕಡೆಯ ಸಭೆ ನಿನ್ನ ಕೈಗೆ ಬರುತ್ತದೆ, ಈಗಲೇ ಅಲ್ಲಿ ಎರಡು ಗುಂಪು, ಒಬ್ಬ ಹಿರಿಯರು ನೀನು ಪ್ರಸಂಗಕ್ಕೆ ನಿಂತ ತಕ್ಷಣ ಎದ್ದು ಹೊರಗೆ ಹೋಗುತ್ತಾರೆ, ನಿನಗೆ ಶನಿವಾರದಿಂದಲೇ ಎದೆ ಹೊಡೆದುಕೊಳ್ಳುತ್ತದೆ. ಕೊನೆಯಲ್ಲಿ ಹೀಗಿದೆ: "ಭದ್ರಾವತಿ ಕಮಿಟಿಯಲ್ಲಿ ಎಲ್ಲರೂ ಅಪ್ಪನ ಮೇಲೆ ಕೂಗಾಡುವಾಗ ನೀವೊಬ್ಬರೇ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿ ಕೂತಿದ್ದಿರಂತೆ. ಅಪ್ಪ ಸಾಯುವವರೆಗೂ ಅದನ್ನೇ ಹೇಳುತ್ತಿದ್ದರು. ಆ ಸಮಾಧಾನ ಹೇಗೆ ಬರುತ್ತೆ ಅಯ್ನೋರೇ? ದೀಕ್ಷೆಯ ದಿನ ನೀವೇ ನಿಂತು ಅದನ್ನು ಹೇಳಬೇಕು."

ಮೊದಲು ಗೊತ್ತಿರುವಷ್ಟು ಹೇಳುತ್ತೇನೆ. ಯಾರಾದರೂ ಏದುಸಿರು ಬಿಡುತ್ತಾ ಮನೆಗೆ ಬಂದರೆ ಮೊದಲು ನೀರು ಕೊಡು. ಅವರು ಕುಡಿಯುವಷ್ಟು ಹೊತ್ತು ನಿನ್ನದು. ಕೂಗಾಡುವವನಿಗೆ ಅವತ್ತೇ ಉತ್ತರ ಕೊಡಬೇಡ, ಹಾಗಂತ ಒಂದು ವಾರ ತಪ್ಪಿಸಿಕೊಂಡೂ ತಿರುಗಬೇಡ. ಎದ್ದು ಹೋಗುವ ಆ ಹಿರಿಯರ ಮನೆಗೆ ಕೆಲಸವಿಲ್ಲದ ದಿನ ಒಂದು ಸಲ ಹೋಗಿ ಬಾ. ಮಂಡಿ ನೋವಿಗೋ, ಬೀಡಿಗೋ ಎದ್ದು ಹೋಗುತ್ತಿರಬಹುದು. ಶಿವಮೊಗ್ಗದಲ್ಲಿ ಒಬ್ಬರು ನನ್ನ ಮೇಲೆ ಸಿಟ್ಟು ಅಂತ ಎರಡು ವರ್ಷ ನಾನು ಒದ್ದಾಡಿದೆ. ಕೊನೆಗೆ ನೋಡಿದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇನ್ನು ಸಮಾಧಾನ. ನಮ್ಮ ಭಾಷೆಯಲ್ಲಿ ಒಂದು ತೊಂದರೆ ಇದೆ. ದೇವರು ಕೊಡುವುದಕ್ಕೂ ಸಮಾಧಾನ ಅಂತೀವಿ, ಅಳುವವರ ಬಾಯಿ ಮುಚ್ಚಿಸುವುದಕ್ಕೂ "ಸಮಾಧಾನ, ಸಮಾಧಾನ" ಅಂತೀವಿ. ಇಪ್ಪತ್ತಮೂರು ವರ್ಷ ನಾನು ಎರಡನೆಯದನ್ನು ಹಂಚಿ ಮೊದಲನೆಯದರ ಹೆಸರು ಪಡೆದೆ. ಲಿಖಿತಾ, ಇದನ್ನು ನೆಟ್ಟಗೆ ಮಾಡಬೇಡ, ಇದ್ದ ಹಾಗೇ ಬರೆ.

ಆ ಕಮಿಟಿಯ ವಿಷಯ ನೀನು ಅಪ್ಪನ ಬಾಯಲ್ಲಿ ಕೇಳಿದ್ದೀಯ. ಆಗ ನೀನು ಓದಲು ಮಂಗಳೂರಿನಲ್ಲಿದ್ದೆ. ನಾನೂ ಒಂದು ಸಲ ಮೊದಲಿನಿಂದ ಹೇಳಿಬಿಡುತ್ತೇನೆ.

ನಾನು ಆಗ ಸಭಾಪಾಲಕನಾಗಿದ್ದ ಭದ್ರಾವತಿಯ ಚರ್ಚಿನಲ್ಲಿ ಗಂಟೆ ಹೊಡೆಯುವ ಕೆಲಸ ಇಪ್ಪತ್ತಾರು ವರ್ಷ ನಿನ್ನ ಅಪ್ಪ ಹಿರಿಯಣ್ಣನದು. ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ವಯಸ್ಸಿಗೆ ಎಷ್ಟು ವರ್ಷವೋ ಅಷ್ಟು ಏಟು, ಒಂದೊಂದಾಗಿ, ನಿಧಾನಕ್ಕೆ. ಕಾಂಪೌಂಡಿನ ಹಿಂದಿನ ಮನೆಯಲ್ಲಿ ಶಿವಯೋಗಪ್ಪ ಇದ್ದರು, ಫ್ಯಾಕ್ಟರಿ ಕೆಲಸ, ಹಣೆ ತುಂಬ ವಿಭೂತಿ. ಅವರು ಫಸ್ಟ್ ಶಿಫ್ಟಿಗೆ ಏಳುತ್ತಿದ್ದದ್ದು ನಮ್ಮ ಬೆಳಗಿನ ಗಂಟೆಗೆ. "ಸೈರನ್ ಕಂಪನಿಯೋರ್ದು, ಗಂಟೆ ನಮ್ಮ ಹಿರಿಯಣ್ಣಂದು" ಅನ್ನುತ್ತಿದ್ದರು. ತೊಂಬತ್ತೆಂಟರ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಅವರು ಏಳಲಿಲ್ಲ. ನಿನ್ನ ಅಪ್ಪ ಯಾರನ್ನೂ ಕೇಳಲಿಲ್ಲ. ಹೋಗಿ ಹಗ್ಗ ಹಿಡಿದು ಐವತ್ತೆಂಟು ಏಟು ಹೊಡೆದ. ಮೂವತ್ತು ದಾಟುವಾಗ ಸಭೆಯವರೆಲ್ಲ ಬಾಗಿಲಿಗೆ ಬಂದು, ನಮ್ಮಲ್ಲಿ ಯಾರು ಹೋದರು ಅಂತ ಎಣಿಸುತ್ತಿದ್ದರು.

ಆ ವರ್ಷ ಪೇಪರಿನಲ್ಲಿ ದಿನಕ್ಕೊಂದು ಕಡೆ ಚರ್ಚಿಗೆ ಕಲ್ಲು ಬಿದ್ದ ಸುದ್ದಿ ಬರುತ್ತಿತ್ತು, ನೆನಪಿದೆಯಲ್ಲ. ಸಂಜೆಯೇ ಕಮಿಟಿ ಕೂತಿತು. ಸೆಕ್ರೆಟರಿ ಜೀವರತ್ನಂ ಬೆವರು ಒರೆಸಿಕೊಳ್ಳುತ್ತಾ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ, "ಅಯ್ಯರೇ, ಹೆಣಾನೂ ಮತಾಂತರ ಮಾಡ್ತಾರೆ ಅಂತ ನಾಳೆ ಹೇಳ್ತಾರೆ. ಕಲ್ಲು ಬೀಳೋದು ನಮ್ಮನೆ ಕಿಟಕಿಗೆ. ಇವನಿಗೇನು, ಕಿಟಕಿನೇ ಇಲ್ಲ!" ಅಂದರು. ಒಬ್ಬರು ಪೊಲೀಸ್ ಅಂದರು, ಇನ್ನೊಬ್ಬರು ಪೇಪರ್ ಅಂದರು. ನಿನ್ನ ಅಪ್ಪ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದ. "ಇಪ್ಪತ್ತು ವರ್ಷ ನನ್ನ ಗಂಟೆಗೆ ಎದ್ದೋನು ಸ್ವಾಮಿ. ಹೋಗೋವಾಗ ಹಂಗೇ ಕಳಿಸ್ಲಾ?" ಅಂದ. ಅದಕ್ಕೆ ಗಲಾಟೆ ಇನ್ನೂ ಏರಿತು. "ಅಯ್ಯರೇ, ಚುಮ್ಮಾ ಕೂತ್ಕೊಂಡ್ರೆ ಹೆಂಗೆ? ಏನಾದ್ರೂ ಹೇಳಿ" ಅಂತ ಜೀವರತ್ನಂ ನನ್ನ ಕಡೆ ತಿರುಗಿದರು.

ಆಗ ನಾನು ಕಣ್ಣು ಮುಚ್ಚಿದೆ. ಸಭಾಪಾಲಕ ಕಣ್ಣು ಮುಚ್ಚಿದರೆ ನಮ್ಮಲ್ಲಿ ಏನಾಗುತ್ತದೆ ಅಂತ ನಿನಗೆ ಗೊತ್ತು. ಹೆಂಗಸರು ಸೆರಗನ್ನು ತಲೆಗೆ ಎಳೆದುಕೊಂಡರು, ಗಂಡಸರು ತಲೆ ತಗ್ಗಿಸಿದರು. ಹಾಲ್ ಪೂರ್ತಿ ನಿಶ್ಶಬ್ದ. ನಿನ್ನ ಅಪ್ಪ ನೋಡಿದ್ದು ಇದನ್ನೇ.

ನಿರ್ಣಯ ಆಯಿತು. ಕೆಲಸ ಹೋಯಿತು, ಚರ್ಚಿನ ಹಿಂದೆ ನೀವಿದ್ದ ಕೋಣೆಯನ್ನು ಎಂಟು ದಿನದಲ್ಲಿ ಖಾಲಿ ಮಾಡಬೇಕಾಯಿತು. ಟೆಂಪೋಗೆ ಸಾಮಾನು ಏರಿಸುತ್ತಿದ್ದ ದಿನ ಶಿವಯೋಗಪ್ಪನವರ ಹೆಂಡತಿ ಈಶ್ವರಮ್ಮ ಗೇಟಿಗೆ ಬಂದರು. ನಾವೆಲ್ಲ ಹೆದರಿದ್ದು ಆ ಮನೆಗೇ ಅಲ್ಲವಾ? ಆ ಹೆಣ್ಣುಮಗಳು ಕೈ ಮುಗಿದು, "ಐವತ್ತೆಂಟು. ನಾನು ಎಣಿಸ್ದೆ. ಇವರು ದುಡಿದ ಫ್ಯಾಕ್ಟರಿಯಿಂದ ಒಂದು ಹಾರಾನೂ ಬರ್ಲಿಲ್ಲ ಸ್ವಾಮಿ, ಹಿರಿಯಣ್ಣ ಗಂಟೆ ಹೊಡೆದ. ಅವನ್ನ ಎಲ್ಲಿಗೆ ಕಳಿಸ್ತಿದೀರಿ?" ಅಂದರು. ಜೀವರತ್ನಂ ನನ್ನ ಮುಖ ನೋಡಿದರು, ನಾನು ಟೆಂಪೋ ಚಕ್ರ ನೋಡಿದೆ. ಕಮಿಟಿಯ ನಿರ್ಣಯ ಪುಸ್ತಕದಲ್ಲಿ ಬರೆದಾಗಿತ್ತು. ಈಗ ಅಲ್ಲಿ ಗಂಟೆಯ ಕ್ಯಾಸೆಟ್ಟನ್ನು ಮೈಕಿನಲ್ಲಿ ಹಾಕುತ್ತಾರಂತೆ. ಕರೆಂಟ್ ಹೋದರೆ ಭಾನುವಾರವೇ ಇಲ್ಲ.

ಟೇಪ್ ಮುಗಿಯುತ್ತಾ ಬಂತು. ಊಟ ಬಿಡಬೇಡ. ನಿದ್ದೆ ಬರದಿದ್ದರೆ ಎದ್ದು ನಾಲ್ಕು ಹೆಜ್ಜೆ ನಡೆ. ದೇವರು ನಿನ್ನ ನಾಲಿಗೆಗೂ ಕಾಲಿಗೂ ಬಲ ಕೊಡಲಿ. ನಿನ್ನ ಮಂದೆ ನಿನ್ನ ಧ್ವನಿಯನ್ನು ನಂಬುವಂತಾಗಲಿ.

ಆಶೀರ್ವಾದಗಳೊಂದಿಗೆ,
ನಿನ್ನ ಅಯ್ನೋರು
ಕರುಣಾಕರ

ಮ.ವಿ.: ಇದು ನನ್ನ ಕೈಬರಹ. ಲಿಖಿತಾ ಟಪಾಲಿಗೆ ಕೊಟ್ಟು ಬರುತ್ತೇನೆ ಅಂದಳು, ನಾನೇ ಹೋಗುತ್ತೇನೆ ಅಂತ ಇಸಿದುಕೊಂಡೆ. ಮಗಳ ಕಿವಿಗೆ ಬೀಳುವ ಹಾಗೆ ಇದನ್ನು ಹೇಳಲು ಆಗಲಿಲ್ಲ. ಅಕ್ಷರ ಸೊಟ್ಟ, ಮಾತು ನೆಟ್ಟಗಿದೆ.

ಆನಂದ, ನಾನು ಪ್ರಾರ್ಥನೆ ಮಾಡುತ್ತಿರಲಿಲ್ಲ. ಈಗ ನಿನಗೆ ಹೊಡೆದುಕೊಳ್ಳುತ್ತದೆಯಲ್ಲ, ಹಾಗೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಬಾಗಿಲಲ್ಲಿ ನಿಂತ ನಿನ್ನ ಅಪ್ಪನ ಮುಖ ನೋಡಲಾಗದೆ ಕಣ್ಣು ಮುಚ್ಚಿದೆ. ಮುಚ್ಚಿದರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ ಅಂತ ಗೊತ್ತಿತ್ತು. ಆ ನಿಶ್ಶಬ್ದದಲ್ಲಿ ಜೀವರತ್ನಂ ಮೆಲ್ಲಗೆ ನಿರ್ಣಯ ಓದಿದರು. ಕೆಲಸದಿಂದ ತೆಗೆಯುವುದು, ಕೋಣೆ, ಎಂಟು ದಿನ. ಒಂದೊಂದು ಮಾತೂ ಕೇಳಿಸಿತು. ಬಾಗಿಲವರೆಗೆ ಕೇಳಿಸಲಿಲ್ಲ. "ಎಲ್ಲರಿಗೂ ಒಪ್ಪಿಗೆನಾ?" ಅಂದರು. ಕಣ್ಣು ತೆರೆದರೆ ಏನಾದರೂ ಹೇಳಲೇಬೇಕಿತ್ತು. ಪ್ರಾರ್ಥನೆ ಮಾಡುವವನು ಕಣ್ಣು ತೆರೆಯುವಾಗ ಏನು ಹೇಳುತ್ತಾನೆ? ಆಮೆನ್ ಅಂದೆ. ಎಲ್ಲರೂ ಆಮೆನ್ ಅಂದರು. "ಸಭಾಪಾಲಕರು ಆಮೆನ್ ಹೇಳಿ ಅನುಮೋದಿಸಿದರು" ಅಂತ ಪುಸ್ತಕದಲ್ಲಿದೆ, ಕೆಳಗೆ ನನ್ನ ಸಹಿ ಇದೆ.

ಬಾಗಿಲಿನಿಂದಲೂ ಒಂದು ಆಮೆನ್ ಬಂತು. ಅವನಿಗೋಸ್ಕರ ಮಾಡಿದ ಪ್ರಾರ್ಥನೆ ಮುಗಿಯಿತು ಅಂದುಕೊಂಡು ನಿನ್ನ ಅಪ್ಪನೂ ಅಂದಿದ್ದ. ಆಮೇಲೆ ನನ್ನ ಹತ್ತಿರ ಬಂದು, "ನೀವೊಬ್ರಿದ್ರಿ ಅಯ್ನೋರೇ, ಇಲ್ದಿದ್ರೆ ಏನಾಗ್ತಿತ್ತೋ" ಅಂದ. ನಾನು "ಸಮಾಧಾನ, ಹಿರಿಯಣ್ಣ" ಅಂದೆ. ಹತ್ತು ತಿಂಗಳಿಗೆ ರಾಗಿಗುಡ್ಡದ ಬಾಡಿಗೆ ಮನೆಯಲ್ಲಿ ಅವನು ಹೋದ. ಅವನಿಗೆ ಯಾರೂ ಗಂಟೆ ಹೊಡೆಯಲಿಲ್ಲ.

ಇದೇ ಕಥೆಯ ಮೇಲೆ ನಿನ್ನ ಸೇವೆ ಕಟ್ಟಲು ಹೊರಟಿದ್ದೀಯ, ಅದಕ್ಕೇ ಹೇಳಬೇಕಾಯಿತು. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ಬಾಗಿಲಲ್ಲಿ ನಿಂತವನನ್ನು ಕಣ್ಣು ಬಿಟ್ಟು ನೋಡು. ಅಷ್ಟಾದರೆ ಸಾಕಿತ್ತು, ನನಗೆ ಅಷ್ಟೂ ಆಗಲಿಲ್ಲ.

ಈ ಕೈ ನಿನ್ನ ತಲೆಯ ಮೇಲೆ ಬೇಕಾ ಬೇಡವಾ, ಬರೆ. ಅಮ್ಮನಿಗೆ ಹೇಳುವುದೂ ಬಿಡುವುದೂ ನಿನ್ನಿಷ್ಟ. ಆದರೆ ಒಂದು ಕೇಳಿಕೊಳ್ಳುತ್ತೇನೆ. ಓದಿದ ದಿನವೇ ಬರೆ, ಬರುವ ಸಿಟ್ಟಿನಲ್ಲೇ ಬರೆ. ಸಮಾಧಾನ ಮಾಡಿಕೊಂಡು ಬರೆಯಬೇಡ.