ನಾಲ್ಕನೇ ಬೋಗಿಯ ಕಿಟಕಿ

ಸ್ಟೇಷನ್ ಹಿಂದಿನ ಮನೆ,
ಮಂಗಳವಾರ ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೇ? ನಿನ್ನ ಹೆಂಡತಿಯ ಕೆಮ್ಮು ಹೇಗಿದೆ? ಔಷಧಿ ಕುಡಿಯುತ್ತಾಳೋ, ಕಿಟಕಿಯಾಚೆ ಚೆಲ್ಲುತ್ತಾಳೋ? ಚಿಕ್ಕವನಿಗೆ ಎರಡನೇ ಹಲ್ಲು ಬಂತೇ? ನಿನ್ನ ಅತ್ತಿಗೆ ಸೊಂಟ ಹಿಡಿದುಕೊಂಡೇ ಇಡೀ ಮನೆ ಆಳುತ್ತಿದ್ದಾಳೆ. ನಿನ್ನ ಮಗಳು ಬುಗುರಿ ಚೆನ್ನಾಗಿದ್ದಾಳೆ, ಮೈಗೆ ಒಂದು ಗೀರೂ ಆಗಿಲ್ಲ. ಈಗಲೂ ನನ್ನ ಹಳೆಯ ಸೀಟಿ ಊದಿ ಬೆಕ್ಕನ್ನು ನಿಲ್ಲಿಸಲು ನೋಡುತ್ತಿದ್ದಾಳೆ. ಅದು ಲೆಕ್ಕಕ್ಕೇ ಇಡುತ್ತಿಲ್ಲ.

ಶುಕ್ರವಾರ ನಿನ್ನನ್ನು ವಿಚಾರಣೆಗೆ ಕರೆದಿದ್ದಾರೆಂದು ಸಂಜೆಯ ರೈಲಿನ ಗಾರ್ಡ್ ಹೇಳಿದ. ಗಾಲಿಯ ಅಚ್ಚು ಕಾದು ಹೊಗೆಯಾಡುತ್ತ ಕಣ್ಣೆದುರೇ ಹೋದರೂ ಗೇಟ್‌ಮನ್ ಹಸಿರು ಬಾವುಟ ತೋರಿಸಿದ ಎಂದು ವರದಿಯಾಗಿದೆಯಂತೆ. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ, ಅದು ನನಗೆ ಗೊತ್ತಿಲ್ಲವೇ. ಫೋನಿನಲ್ಲಿ ಈ ಮಾತು ಬೇಡ. ನಿನ್ನ ಹೆಂಡತಿ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಬರೆಯಲು ಕೂತೆ.

ಓದಿಗೆಂದು ನೀನು ಮಗುವನ್ನು ನಮ್ಮಲ್ಲಿ ಬಿಟ್ಟು ಮೂರು ತಿಂಗಳಾಯಿತು. ಭಾನುವಾರ ರೈಲಿನಲ್ಲಿ ಕರೆದೊಯ್ದು, ಕಿಟಕಿಯಿಂದಲೇ ಅಪ್ಪನನ್ನು ತೋರಿಸಿ ತರೋಣ ಎಂದು ಹೊಳೆದದ್ದು ನನಗೇ. ‘ಇಂಜಿನ್ನಿನಿಂದ ನಾಲ್ಕನೇ ಬೋಗಿ, ಎರಡನೇ ಕಿಟಕಿ, ನಿನ್ನ ಕಡೆಯೇ’ ಎಂದು ಗಾರ್ಡ್ ಕೈಲಿ ನಿನಗೆ ಚೀಟಿ ಕಳಿಸಿದವನೂ ನಾನೇ. ನಿನಗೆ ಕೆಲಸ ಕಲಿಸುವಾಗ ‘ಕಣ್ಣು ಗಾಲಿ ಮೇಲಿರ್ಲಿ, ಕಿಟಕೀಲಿ ರಾಣಿ ಕೂತಿದ್ರೂ ತಲೆ ಎತ್ಬೇಡ’ ಎಂದು ಬೆತ್ತ ಹಿಡಿದ ಮೇಷ್ಟ್ರಂತೆ ಹೇಳುತ್ತಿದ್ದವನು, ಮೂವತ್ತೊಂದು ವರ್ಷ ಗೇಟು ಕಾದವನು, ಆ ಚೀಟಿ ಬರೆದೆನಲ್ಲ!

ರೈಲು ಹತ್ತಿದ್ದೇ ತಡ ಅವಳ ಬಾಯಿಗೆ ಬೀಗವಿಲ್ಲ. ಬಿಸ್ಕತ್ತಿನ ಪೊಟ್ಟಣ ಮೊದಲ ಸ್ಟೇಷನ್ನಿಗೇ ಖಾಲಿ. ‘ದೊಡ್ಡಪ್ಪಾ, ಅಪ್ಪಂಗೆ ನನ್ನ ಗುರ್ತು ಸಿಗುತ್ತಾ? ನಾನು ಉದ್ದ ಆಗಿದೀನಲ್ವಾ?’ ಎಂದು ಹತ್ತು ಸಲ ಕೇಳಿದಳು. ‘ಯಾರೋ ದೊಡ್ಡ ಆಫೀಸರಮ್ಮ ಬಂದ್ರು ಅಂತ ಸಲಾಮು ಹೊಡೀತಾನೆ ಬಿಡು’ ಎಂದೆ. ಎದುರಿಗೆ ಕೂತಿದ್ದ ದರ್ಜಿಯೂ ನಕ್ಕು ಅವಳಿಗೆ ಒಂದು ಕಿತ್ತಳೆ ಸುಲಿದುಕೊಟ್ಟ.

ನಿನ್ನ ಗೇಟು ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಟ್ಟಗೆ ನಿಂತಿದ್ದೆ. ಒಂದು ಕೈಯಲ್ಲಿ ಹಸಿರು ಬಾವುಟ, ಇನ್ನೊಂದು ಕೈ ಆಗಲೇ ಮೇಲೆದ್ದಿತ್ತು. ಮೂರನೇ ಬೋಗಿ ನಿನ್ನ ಮೂಗಿನ ಮುಂದೆಯೇ ಹಾಯುತ್ತಿದ್ದಾಗ ನಿನ್ನ ಕಣ್ಣು ನಾಲ್ಕನೆಯದನ್ನು ಹುಡುಕುತ್ತಿತ್ತು. ಮಗು ‘ಅಪ್ಪಾ’ ಎಂದು ಕೂಗಿದ ಕೂಗಿಗೆ ಬೋಗಿಯವರೆಲ್ಲ ತಿರುಗಿ ನೋಡಿದರು. ನೀನು ನಕ್ಕೆ. ಎಷ್ಟು ದಿನವಾಗಿತ್ತೋ ನೀನು ಹಾಗೆ ನಕ್ಕು.

ಗೇಟು ಹಿಂದೆ ಸರಿಯುತ್ತಲೇ ನಾನು ಎದ್ದೆ. ಸುಟ್ಟ ಎಣ್ಣೆಯ ವಾಸನೆ ಬೋಗಿಯೊಳಗೆಲ್ಲ ತುಂಬಿತ್ತು. ದರ್ಜಿ ‘ಕೂತ್ಕೊಳ್ಳಿ ಯಜಮಾನ್ರೇ, ಯಾರೋ ಬೀಡಿ ಹಚ್ಚಿರ್ಬೇಕು’ ಎಂದ. ಬಾಗಿಲಲ್ಲಿ ಬಗ್ಗಿ ನೋಡಿದರೆ ಮುಂದಿನ ಬೋಗಿಯ ಗಾಲಿಯಿಂದ ಹೊಗೆ, ಹೊಗೆಯೊಳಗೆ ಕೆಂಡದಂಥ ಕೆಂಪು. ಮುಂದೆ ಹೊಳೆಯ ಸೇತುವೆ. ಚೈನಿಗೆ ಜೋತುಬಿದ್ದೆ. ರೈಲು ಕಿರುಚಿಕೊಂಡು ನಿಲ್ಲುವಷ್ಟರಲ್ಲಿ ಮಗುವನ್ನು ಎದೆಗೆ ಅವುಚಿಕೊಂಡಿದ್ದೆ. ಸೇತುವೆಗೆ ಇನ್ನೂರು ಹೆಜ್ಜೆ ಇತ್ತು. ಗಾಲಿ ನೋಡಲು ಬಂದ ಮೇಸ್ತ್ರಿ ಅಚ್ಚನ್ನು ಮುಟ್ಟಲೂ ಇಲ್ಲ, ‘ಸೇತುವೆ ಮೇಲೆ ಮುರೀತಿತ್ತು’ ಎಂದಷ್ಟೇ ಹೇಳಿದ.

ಜಲ್ಲಿಯ ಮೇಲೆ ನಿಂತು ಬುಗುರಿ ಕೇಳಿದಳು, ‘ದೊಡ್ಡಪ್ಪಾ, ಹೊಗೆ ಬಂದ್ರೆ ಕೆಂಪು ತೋರಿಸ್ಬೇಕು ಅಂತ ನೀವೇ ಹೇಳಿದ್ರಿ. ಅಪ್ಪ ಯಾಕೆ ತೋರಿಸ್ಲಿಲ್ಲ?’ ಬಾಟಲಿಯ ನೀರು ಕುಡಿಸಿ ಮಾತು ಮರೆಸಿದೆ.

ಶುಕ್ರವಾರ ನೀನು ಸುಳ್ಳು ಹೇಳಬೇಡ. ನೋಡಲಿಲ್ಲ ಎಂದೇ ಹೇಳು, ಚೀಟಿಯ ವಿಷಯವನ್ನೂ ಹೇಳು. ನನ್ನ ಮಾನ ಕಾಯಲು ಹೋಗಿ ನಿನ್ನ ಅನ್ನ ಕಳೆದುಕೊಳ್ಳಬೇಡ. ನಿನ್ನ ಹೆಂಡತಿಗೆ ಧೈರ್ಯ ಹೇಳು, ಚಿಕ್ಕವನ ಕೆನ್ನೆಗೆ ನನ್ನದೊಂದು ಮುತ್ತು. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ
ಅಣ್ಣ

ಮರೆತದ್ದಲ್ಲ, ಬರೆಯಲಾರದೆ ಉಳಿಸಿದ್ದು: ವಾಸನೆ ನನಗೆ ತಿರುವಿನಲ್ಲೇ ಬಂದಿತ್ತು, ನಿನ್ನ ಗೇಟಿಗೆ ಒಂದು ಮೈಲಿ ಮೊದಲೇ. ಅದು ಎಂಥ ವಾಸನೆ ಎಂದೂ ಗೊತ್ತಾಗಿತ್ತು. ಅಲ್ಲೇ ನಿಲ್ಲಿಸಿದರೆ ಮಗು ನಿನ್ನನ್ನು ನೋಡುವುದಿಲ್ಲ, ಒಂದು ನಿಮಿಷ ತಾನೇ ಎಂದು ಚೈನಿನತ್ತ ಎತ್ತಿದ ಕೈ ಇಳಿಸಿ ಕೂತೆ. ನೀನು ನೋಡದೆ ತಪ್ಪು ಮಾಡಿದೆ, ನಾನು ತಿಳಿದೂ ಸುಮ್ಮನಿದ್ದೆ. ಇನ್ಸ್‌ಪೆಕ್ಟರು ಬಂದು ರೈಲು ಉಳಿಸಿದಿರಿ ಎಂದು ಬೆನ್ನು ತಟ್ಟಿದಾಗಲೂ ಬಾಯಿ ಬಿಡಲಿಲ್ಲ. ನಾಳೆ ನಾನೇ ಹೋಗಿ ಎಲ್ಲವನ್ನೂ ಬರೆದುಕೊಟ್ಟು ಬರುತ್ತೇನೆ. ಬುಗುರಿ ಇನ್ನು ನನ್ನ ಬಳಿ ಇರಬೇಕೋ ಬೇಡವೋ, ಅದನ್ನು ನೀನು ಹೇಳಬೇಕು. ಉತ್ತರವನ್ನು ಸಂಜೆಯ ರೈಲಿನ ಗಾರ್ಡ್ ಕೈಲೇ ಕಳಿಸು; ಬೈದಾದರೂ ಸರಿ, ಬೇಗ ಬರೆ.