ಅಲೈಹಾ ಅಂದರೆ

ಗುರುವಾರ, ೧೪ ನವೆಂಬರ್ ೨೦೨೪, ಚನ್ನಪಟ್ಟಣ

ಆ ಮಾತು ತಲೆಯಿಂದ ಹೋಗ್ತಾನೇ ಇಲ್ಲ.

ಕುವೈತ್‌ನಿಂದ ನಮ್ಮಕ್ಕ ಅತಿಯಾ ಆಪಾ ಫೋನ್ ಮಾಡಿದಾಗಲೆಲ್ಲ, ಅವಳು ಕೆಲಸಕ್ಕಿರೋ ಮನೆಯ ಮೇಡಮ್ ಹಿಂದಿನಿಂದ ಯಾರಿಗೋ ಒಂದೇ ಮಾತು ಹೇಳ್ತಾಳೆ: "ಸಕ್ಕರಿ ಅಲ್‌ಬಾಬ್ ಅಲೈಹಾ." ಆಮೇಲೆ ಫೋನ್ ಕಟ್ಟಾಗುತ್ತೆ. ನಮಗೆ ಕುರಾನ್ ಓದೋಕೆ ಬರುತ್ತೆ, ಅರ್ಥ ಗೊತ್ತಿಲ್ಲ. ಅರಬ್ಬಿ ಕಿವಿಗೆ ಬಿದ್ದರೆ ಅದು ದುವಾ ಅಂತಲೇ ಲೆಕ್ಕ. ಅಮ್ಮಿ ತಲೆ ಮೇಲೆ ಸೆರಗೆಳೆದುಕೊಂಡು "ಆಮೀನ್" ಅಂತಾಳೆ. ನಾನೂ ಅಂದಿದ್ದೀನಿ.

ಈಗ ಅದೇ ಮನೆಗೆ ನನಗೂ ವೀಸಾ ಬಂದಿದೆ. ಅದಕ್ಕೇ ರೇಷ್ಮೆ ರೀಲಿಂಗ್ ಮುಗಿಸಿ ಬಂದು ಮೊಬೈಲಲ್ಲಿ ಅರಬ್ಬಿ ಕಲೀತಿರೋದು. ಇವತ್ತು ಮನೆಗೆಲಸದ ಪಾಠ. ಸಕ್ಕರಿ ಅಲ್‌ಬಾಬ್ ಅಂದರೆ ಬಾಗಿಲು ಹಾಕು. ಅಲೈಹಾ ಸೇರಿಸಿದರೆ, ಅವಳನ್ನ ಒಳಗಿಟ್ಟು ಬಾಗಿಲು ಹಾಕು.

ಸಂಜೆ ಆಪಾ ಫೋನ್ ಮಾಡಿದ್ದಳು.

"ಪಾಠ ಎಲ್ಲಿಗೆ ಬಂತು ಸಫೂರಾ?"

"ಬಾಗಿಲಿಗೆ ಬಂತು, ಆಪಾ."

ಆಪಾ ದನಿ ತಗ್ಗಿಸಿದಳು.

"ಹಂಗಾದ್ರೆ ಈಗ ಕೇಳಿಸ್ಕೊ" ಅಂದಳು.

ಹಿಂದಿನಿಂದ ಅದೇ ದನಿ, ಅದೇ ಮಾತು.

ಪಕ್ಕದಲ್ಲಿ ಅಮ್ಮಿ ಕಣ್ಮುಚ್ಚಿ "ಆಮೀನ್" ಅಂದಳು.